ಜ್ವರ ಬಂದರೆ ಮೊದಲು ಯಾರಿಗೆ ಹೇಳುತ್ತೀರಿ?

ಈ ವಾರ ಒಂದು ಪ್ರಶ್ನೆಯಿಂದ ಆರಂಭಿಸೋಣ. ಊರಿನಲ್ಲಿ ಹೊಸದೊಂದು ಸಾಂಕ್ರಾಮಿಕ ರೋಗ ಕಾಲಿಟ್ಟಿದೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಎದ್ದಾಗ ನಿಮಗೆ ಮೈ ಬಿಸಿಯಾಗಿದೆ, ಗಂಟಲು ಕೆರೆಯುತ್ತಿದೆ. ನೀವು ಏನು ಮಾಡುತ್ತೀರಿ? ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳುತ್ತೀರೋ, ಅಥವಾ ಔಷಧಿ ಅಂಗಡಿಯಿಂದ ಎರಡು ಗುಳಿಗೆ ತಂದು ನುಂಗಿ, ಯಾರಿಗೂ ಹೇಳದೆ ಕೆಲಸಕ್ಕೆ ಹೊರಡುತ್ತೀರೋ?

‘ಪರೀಕ್ಷೆ ಮಾಡಿಸಿಕೊಳ್ಳುತ್ತೇನೆ’ ಎಂದು ನೀವು ಹೇಳಬಹುದು. ತಿಂಗಳ ಸಂಬಳ, ಸ್ವಂತ ಮನೆ, ರಜೆ ಕೊಡುವ ಕಚೇರಿ ಇರುವವರಿಗೆ ಈ ಉತ್ತರ ಸುಲಭ. ಎಲ್ಲರಿಗೂ ಅಲ್ಲ.

2020ರ ಮಳೆಗಾಲದಲ್ಲಿ ಒಬ್ಬ ಆಟೋ ಚಾಲಕರು ನನ್ನ ಬಳಿಗೆ ಬಂದಿದ್ದರು. ಮೂರು ದಿನದಿಂದ ಜ್ವರ, ಒಣಕೆಮ್ಮು, ಬಾಯಿಗೆ ರುಚಿಯೇ ಇಲ್ಲ. ಕೊರೊನಾ ಇರಬಹುದು, ಪರೀಕ್ಷೆ ಮಾಡಿಸಿ ಎಂದೆ. ಆತ ಕೈಮುಗಿದರು. ‘ಔಷಧಿ ಬರಕೊಡಿ ಸಾರ್, ಸಾಕು. ಟೆಸ್ಟ್ ಮಾತ್ರ ಬೇಡ. ಮನೆ ಮುಂದೆ ಬೋರ್ಡ್ ಹಾಕ್ತಾರೆ, ಓನರ್ರು ಖಾಲಿ ಮಾಡಿ ಅಂತಾರೆ. ಹದಿನಾಲ್ಕು ದಿನ ಆಟೋ ನಿಲ್ಲಿಸಿದ್ರೆ ಮಕ್ಕಳಿಗೆ ಊಟ ಎಲ್ಲಿಂದ ತರ್ಲಿ?’

ನನ್ನ ಬಳಿ ಉತ್ತರವಿರಲಿಲ್ಲ. ಔಷಧಿ ಬರೆದೆ, ಬುದ್ಧಿ ಹೇಳಿದೆ, ಆತ ಹೋದರು. ಅಂದು ಸಂಜೆ ಆ ಆಟೋದಲ್ಲಿ ಎಷ್ಟು ಜನ ಕುಳಿತರೋ ನನಗೆ ತಿಳಿಯದು. ಆತ ಕೆಟ್ಟ ಮನುಷ್ಯರಲ್ಲ, ದಡ್ಡರೂ ಅಲ್ಲ. ಸತ್ಯ ಹೇಳಿದರೆ ಖಚಿತವಾಗಿ ನಷ್ಟ, ಮುಚ್ಚಿಟ್ಟರೆ ಬಹುಶಃ ಏನೂ ಆಗದು ಎಂದು ಲೆಕ್ಕ ಹಾಕಿದ್ದರು, ಅಷ್ಟೇ.

ಪಿಡುಗನ್ನು ತಡೆಯಲು ಒಂದು ದೇಶ ಏನು ಮಾಡಬೇಕು ಎಂಬ ಬಗ್ಗೆ ದೊಡ್ಡ ದೊಡ್ಡ ವರದಿಗಳಿವೆ. ಪ್ರಯೋಗಾಲಯ, ಲಸಿಕೆ, ವಿಮಾನ ನಿಲ್ದಾಣದ ತಪಾಸಣೆ ಎಲ್ಲವೂ ಅವುಗಳಲ್ಲಿ ಇರುತ್ತವೆ, ಎಲ್ಲವೂ ಬೇಕು. ಆದರೆ ಆ ಆಟೋ ಚಾಲಕರ ಲೆಕ್ಕವನ್ನು ಬದಲಾಯಿಸದ ಯಾವ ಯೋಜನೆಯೂ ಕೆಲಸ ಮಾಡದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆ ಎಂಬುದನ್ನು ನಮ್ಮ ದೇಶದ ಅನುಭವದಿಂದಲೇ ನೋಡೋಣ.

ಇಲಿ ಬಿತ್ತು, ಊರು ಬಿಡಿ

ಹಳೆಯ ಮೈಸೂರು ಸೀಮೆಯ ಹಿರಿಯರ ಬಾಯಲ್ಲಿ ‘ಇಲಿ ಬಿತ್ತು’ ಎಂಬ ಮಾತನ್ನು ನೀವು ಕೇಳಿರಬಹುದು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಪ್ಲೇಗು ಬಂತೆಂದೇ ಅರ್ಥ. ಜನ ಪಾತ್ರೆ ಪಗಡ ಕಟ್ಟಿಕೊಂಡು ಊರ ಹೊರಗಿನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಸತ್ತ ಇಲಿಯ ಮೈಮೇಲಿನ ಚಿಗಟಗಳು ಮನುಷ್ಯರನ್ನು ಕಚ್ಚಿ ರೋಗ ಹರಡುತ್ತವೆ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋಂ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ. ಅವರ ಮಾತನ್ನು ವೈದ್ಯಲೋಕ ಒಪ್ಪಲು ಮತ್ತಷ್ಟು ವರ್ಷಗಳು ಹಿಡಿದವು. ಕಾರಣ ತಿಳಿಯದಿದ್ದರೂ ಇಲಿ ಸತ್ತ ಮನೆಯಿಂದ ದೂರ ಹೋಗಬೇಕು ಎಂಬುದನ್ನು ನಮ್ಮ ಜನ ಕಣ್ಣಿಂದ ಕಂಡೇ ಕಲಿತಿದ್ದರು.

ಪ್ಲೇಗು ಮುಂಬಯಿಗೆ ಬಂದಿದ್ದು 1896ರಲ್ಲಿ. ಮರುವರ್ಷದ ಫೆಬ್ರವರಿಯಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೆ ತಂದಿತು. ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿದರು. ಹೆಂಗಸರ ಮೈ ಪರೀಕ್ಷೆ, ದೇವರ ಮನೆಯ ಶೋಧ, ರೋಗಿಗಳನ್ನು ಎಳೆದೊಯ್ಯುವುದು, ಸಾಮಾನು ಸುಡುವುದು ಎಲ್ಲವೂ ನಡೆದವು. ಜನರು ರೋಗಿಗಳನ್ನು ಅಟ್ಟದ ಮೇಲೆ ಬಚ್ಚಿಟ್ಟರು, ಹೆಣಗಳನ್ನು ಗುಟ್ಟಾಗಿ ಸಾಗಿಸಿದರು. 1897ರ ಜೂನ್‌ನಲ್ಲಿ ಪ್ಲೇಗು ಅಧಿಕಾರಿ ರ್‍ಯಾಂಡ್ ಅವರ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದ್ದು ಇತಿಹಾಸದ ಪುಸ್ತಕಗಳಲ್ಲಿ ಇದೆ. ಅಷ್ಟೆಲ್ಲ ಬಲಪ್ರಯೋಗದ ನಂತರವೂ ಪ್ಲೇಗು ನಿಲ್ಲಲಿಲ್ಲ, ದೇಶದ ಉದ್ದಗಲಕ್ಕೂ ಹರಡಿತು.

1898ರಲ್ಲಿ ಅದು ಬೆಂಗಳೂರಿಗೂ ಬಂತು. ಇಲ್ಲಿಯೂ ಭಯ, ತಪಾಸಣೆ, ಊರು ಬಿಟ್ಟು ಓಡುವುದು ಎಲ್ಲ ಇತ್ತು. ಪ್ಲೇಗಿನ ಅಮ್ಮನಿಗೆ ಗುಡಿಗಳೂ ಎದ್ದವು. ಆದರೆ ಇನ್ನೊಂದು ಕೆಲಸವೂ ಆಯಿತು. ಕಿಕ್ಕಿರಿದ ಪೇಟೆಯ ಜನರಿಗೆ ಗಾಳಿ ಬೆಳಕಿನ ಜಾಗ ಬೇಕೆಂದು ಅಗಲವಾದ ರಸ್ತೆ, ಚರಂಡಿಗಳಿದ್ದ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ಬೆಳೆದವು. ಪೊಲೀಸರ ತಪಾಸಣೆಯನ್ನು ಊರು ಮರೆತಿದೆ. ಆ ಬಡಾವಣೆಗಳು ನೂರಿಪ್ಪತ್ತು ವರ್ಷ ಕಳೆದರೂ ಉಳಿದಿವೆ.

ಸಿಡುಬು ಓಡಿಸಿದ ಬಗೆ

ನಮ್ಮ ದೇಶ ಒಂದು ಮಹಾಮಾರಿಯನ್ನು ಪೂರ್ತಿಯಾಗಿ ಗೆದ್ದಿದೆ ಎಂಬುದನ್ನು ಇಂದಿನ ಯುವಕರು ಮರೆತೇಬಿಟ್ಟಿದ್ದಾರೆ. ಸಿಡುಬು ಬಂದರೆ ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಬದುಕಿದವರ ಮುಖದ ಮೇಲೆ ಕುಳಿ, ಕೆಲವರಿಗೆ ಕುರುಡು. ಭಾರತವು 1962ರಲ್ಲಿ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿತು. ಎಲ್ಲರಿಗೂ ದೇವಿ ಹಾಕಿಬಿಟ್ಟರೆ ಸಾಕು ಎಂಬ ಲೆಕ್ಕ ಅಂದಿನದು. ಕೋಟಿಗಟ್ಟಲೆ ಜನರಿಗೆ ಹಾಕಿದರು. ಕಾಗದದ ಮೇಲಿನ ಅಂಕಿ ಏರಿತು, ಆದರೆ ರೋಗ ಹೋಗಲಿಲ್ಲ. ಏಕೆಂದರೆ ಲಸಿಕೆ ತಪ್ಪಿಸಿಕೊಂಡವರು ಹಸುಗೂಸುಗಳು, ಗುಳೆ ಹೋಗುವ ಕೂಲಿಗಳು, ಕೊಳೆಗೇರಿಯ ಬಡವರು. ರೋಗ ಅವರ ನಡುವೆಯೇ ಓಡಾಡಿಕೊಂಡಿತ್ತು.

1973ರಲ್ಲಿ ತಂತ್ರ ಬದಲಾಯಿತು. ಆರೋಗ್ಯ ಕಾರ್ಯಕರ್ತರು ಸಿಡುಬು ಎದ್ದ ಮಗುವಿನ ಚಿತ್ರವೊಂದನ್ನು ಹಿಡಿದು ಹಳ್ಳಿ ಹಳ್ಳಿಗೆ ಹೊರಟರು. ‘ಇಂಥವರನ್ನು ಎಲ್ಲಾದರೂ ಕಂಡಿರಾ?’ ಎಂದು ಸಂತೆಯಲ್ಲಿ, ಶಾಲೆಯಲ್ಲಿ, ಮನೆಮನೆಯಲ್ಲಿ ಕೇಳಿದರು. ಒಂದು ರೋಗಿ ಸಿಕ್ಕರೆ ಆ ಮನೆಗೆ ಕಾವಲು, ಸುತ್ತಮುತ್ತಲಿನ ಎಲ್ಲರಿಗೂ ಲಸಿಕೆ. ಬೆಂಕಿ ಬಿದ್ದ ಬಣವೆಯ ಸುತ್ತ ಹುಲ್ಲು ಕೊಯ್ದು ಹಾಕುವ ರೈತನ ಉಪಾಯವೇ ಇದು.

ಆ ವರ್ಷ ಉತ್ತರ ಪ್ರದೇಶ, ಬಿಹಾರಗಳಲ್ಲಿ ಮೊದಲ ಸಲ ಹೀಗೆ ಹುಡುಕಿದಾಗ, ಯಾವ ದಾಖಲೆಯಲ್ಲೂ ಇಲ್ಲದ ಸಾವಿರಾರು ರೋಗಿಗಳು ಪತ್ತೆಯಾದರು. ಮೇಲ್ನೋಟಕ್ಕೆ ರೋಗ ಒಮ್ಮೆಲೇ ಹೆಚ್ಚಿದಂತೆ ಕಂಡಿತು. ನಿಜವಾಗಿ ಹೆಚ್ಚಿದ್ದು ನಮ್ಮ ತಿಳಿವಳಿಕೆ. ಅಲ್ಲಿಯವರೆಗೆ ಕೆಳಗಿನ ಸಿಬ್ಬಂದಿ ಬೈಗುಳಕ್ಕೆ ಹೆದರಿ ರೋಗಿಗಳನ್ನು ವರದಿ ಮಾಡುತ್ತಿರಲಿಲ್ಲ. ಹೊಸ ತಂತ್ರದಲ್ಲಿ ರೋಗಿಯನ್ನು ತೋರಿಸಿಕೊಟ್ಟವರಿಗೆ ಬಹುಮಾನ ಸಿಕ್ಕಿತು. ಅದು ಏರುತ್ತ ಹೋಗಿ ಕೊನೆಗೆ 1000 ರೂಪಾಯಿ ಮುಟ್ಟಿತು. ಅಂದಿನ ಕಾಲಕ್ಕೆ ಅದು ದೊಡ್ಡ ಹಣ. 1974ರಲ್ಲಿ ಬಿಹಾರವನ್ನು ನಡುಗಿಸಿದ್ದ ಸಿಡುಬು, 1975ರ ಮೇ ತಿಂಗಳ ನಂತರ ಭಾರತದಲ್ಲಿ ಎಲ್ಲಿಯೂ ಕಾಣಲಿಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭೂಮಿಯಿಂದಲೇ ಅದು ತೊಲಗಿತೆಂದು ಸಾರಿತು.

ಕೆಲವೆಡೆ ಬಲವಂತವಾಗಿ ಹಿಡಿದು ಲಸಿಕೆ ಚುಚ್ಚಿದ್ದೂ ಉಂಟು, ಅದನ್ನು ಮುಚ್ಚಿಡಬೇಕಾಗಿಲ್ಲ. ಅದು ನಮ್ಮ ಹೆಮ್ಮೆಯ ಭಾಗವಲ್ಲ. ಆದರೆ ಗೆಲುವಿನ ಮೂಲ ಬೇರೆಡೆ ಇತ್ತು: ರೋಗವನ್ನು ತೋರಿಸಿಕೊಡುವುದು ಜನರಿಗೆ ಲಾಭವಾಯಿತು, ಮುಚ್ಚಿಡುವುದು ಲಾಭವಾಗಲಿಲ್ಲ.

ಎಲ್ಲ ಬೀಗಕ್ಕೂ ಒಂದೇ ಕೀಲಿ ಅಲ್ಲ

ಹಾಗಾದರೆ ಕೊರೊನಾವನ್ನೂ ಸಿಡುಬಿನಂತೆ ಹಿಡಿದು ನಿಲ್ಲಿಸಬಹುದಿತ್ತೇ ಎಂದು ನೀವು ಕೇಳಬಹುದು. ಪೂರ್ತಿಯಾಗಿ ಇಲ್ಲ. ಸಿಡುಬು ಮುಖದ ಮೇಲೆ ಕಾಣುತ್ತದೆ. ಗುಳ್ಳೆ ಏಳುವ ಮೊದಲು ಅದು ಸಾಮಾನ್ಯವಾಗಿ ಇನ್ನೊಬ್ಬರಿಗೆ ಅಂಟದು. 2003ರಲ್ಲಿ ಹಲವು ದೇಶಗಳನ್ನು ಹೆದರಿಸಿದ ಸಾರ್ಸ್ ಕೂಡ ಅಂಥದೇ. ರೋಗಿ ಹಾಸಿಗೆ ಹಿಡಿದ ಮೇಲೆಯೇ ಹೆಚ್ಚು ಅಂಟುತ್ತಿತ್ತು. ಆದ್ದರಿಂದ ಲಸಿಕೆಯಿಲ್ಲದೆಯೇ, ರೋಗಿಗಳನ್ನು ಪ್ರತ್ಯೇಕಿಸಿ, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ, ಅದನ್ನು ಅದೇ ವರ್ಷ ತಡೆಯಲಾಯಿತು. ಕೋವಿಡ್ ಹಾಗಲ್ಲ. ಜ್ವರ ಬರುವ ಮೊದಲೇ, ಕೆಲವೊಮ್ಮೆ ಜ್ವರವೇ ಬರದವರಿಂದಲೂ ಅದು ಹರಡುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. ಒಬ್ಬ ರೋಗಿಯಿಂದ ಮೂವರಿಗೆ ಸೋಂಕು ತಗಲುತ್ತದೆ ಎಂದುಕೊಳ್ಳಿ. ಮೂವರಿಂದ ಒಂಬತ್ತು, ಒಂಬತ್ತರಿಂದ ಇಪ್ಪತ್ತೇಳು. ಐದನೆಯ ಸುತ್ತಿಗೆ 243 ಜನ. ಮುಖಗವಸು, ಕಿಟಕಿ ತೆರೆದ ಕೋಣೆ, ಗುಂಪು ಸೇರದಿರುವುದು, ರೋಗಿ ಬೇಗ ಬೇರೆಯಾಗುವುದು ಇವೆಲ್ಲ ಸೇರಿ ಆ ಮೂರನ್ನು ಒಂದಕ್ಕಿಂತ ಕೆಳಗೆ ಇಳಿಸಿದರೆ ರೋಗ ತಾನಾಗಿ ಆರುತ್ತದೆ. ಲಸಿಕೆ ಬಂದ ಮೇಲೆ ರೋಗ ಅಂಟಿದರೂ ಸಾವು ಕಡಿಮೆಯಾಗುತ್ತದೆ. ಯಾವುದೇ ದೇಶದ ತಂತ್ರದ ತಿರುಳು ಇಷ್ಟೇ. ಇದರಲ್ಲಿ ಒಂದೊಂದು ಹೆಜ್ಜೆಯನ್ನೂ ನಡೆಯಬೇಕಾದವರು ಜನರು.

ಭಾರತದಲ್ಲಿ ಮೊದಲ ಕೋವಿಡ್ ರೋಗಿ 2020ರ ಜನವರಿ 30ರಂದು ಕೇರಳದಲ್ಲಿ ಪತ್ತೆಯಾದರು. ದೇಶದ ಮೊದಲ ಸಾವು ಸಂಭವಿಸಿದ್ದು ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯಲ್ಲಿ. ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಕಟಣೆ, ನಾಲ್ಕು ಗಂಟೆಗಳ ನಂತರ ಇಡೀ ದೇಶ ಬಂದ್. ನಗರಗಳಿಂದ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೆದ್ದಾರಿಯಲ್ಲಿ ನಡೆದು ಹೋದ ಕೂಲಿಕಾರರ ಚಿತ್ರಗಳನ್ನು ನಾವು ಯಾರೂ ಮರೆಯಲಾರೆವು. ಒಬ್ಬ ಕೂಲಿಕಾರನಿಗೆ ತಾನಿದ್ದಲ್ಲಿಯೇ ಬಾಡಿಗೆ, ಅನ್ನ ಸಿಗುತ್ತದೆ ಎಂಬ ನಂಬಿಕೆ ಇದ್ದಿದ್ದರೆ ಆತ ನಡೆಯುತ್ತಿರಲಿಲ್ಲ.

ಲಾಕ್‌ಡೌನ್ ರೋಗವನ್ನು ಗುಣಪಡಿಸದು. ಅದು ನಮಗೆ ಸ್ವಲ್ಪ ಕಾಲ ಕೊಳ್ಳಲು ತೆತ್ತ ಬೆಲೆ. ಕೊಂಡ ಕಾಲದಲ್ಲಿ ಹಾಸಿಗೆ, ಆಮ್ಲಜನಕ, ದಾದಿಯರು, ಪ್ರಯೋಗಾಲಯಗಳನ್ನು ಸಿದ್ಧಮಾಡಿಕೊಳ್ಳಬೇಕು. ಒಂದಿಷ್ಟು ಮಾಡಿದೆವು, ಪ್ರಯೋಗಾಲಯಗಳ ಸಂಖ್ಯೆ ನಿಜವಾಗಿಯೂ ಬೆಳೆಯಿತು. ಆದರೆ 2021ರ ಆರಂಭದಲ್ಲಿ ರೋಗಿಗಳು ಕಡಿಮೆಯಾದಾಗ ಗೆದ್ದೆವೆಂದು ಮೈಮರೆತೆವು. 1918ರ ಇನ್‌ಫ್ಲುಯೆಂಜಾದಲ್ಲಿಯೂ ಬೇಸಗೆಯ ಮೊದಲ ಅಲೆ ಸೌಮ್ಯವಾಗಿತ್ತು, ಸೆಪ್ಟೆಂಬರ್‌ನಿಂದ ಬಂದ ಎರಡನೆಯದು ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತ್ತು. ಆ ಪಾಠ ಪುಸ್ತಕದಲ್ಲಿಯೇ ಉಳಿಯಿತು. 2021ರ ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬ್ಯುಲೆನ್ಸ್‌ಗಳು ಸಾಲುಗಟ್ಟಿ ನಿಂತವು. ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದು ದಿನದೊಳಗೆ 24 ಜನ ಸತ್ತರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು ನಮ್ಮ ಕಥೆ.

ಲಸಿಕೆಯ ವಿಷಯದಲ್ಲಿ ನಾವು ತಲೆಯೆತ್ತಿ ಮಾತನಾಡಬಹುದು. 2021ರ ಜನವರಿ 16ರಂದು ಆರಂಭವಾದ ಕಾರ್ಯಕ್ರಮ ಅಕ್ಟೋಬರ್ 21ಕ್ಕೆ 100 ಕೋಟಿ ಡೋಸ್ ದಾಟಿತು. ಹಲವು ದಶಕಗಳಿಂದ ಮಕ್ಕಳಿಗೆ ಪೋಲಿಯೋ ಹನಿ ಹಾಕಿ ಪಳಗಿದ್ದ ದಾದಿಯರು, ಆಶಾ ಕಾರ್ಯಕರ್ತೆಯರು ಇಲ್ಲದಿದ್ದರೆ ಅದು ಸಾಧ್ಯವಿರಲಿಲ್ಲ.

ಕಾಯಿದೆ ಯಾರನ್ನು ನೋಡುತ್ತದೆ?

2020ರಲ್ಲಿ ಸರ್ಕಾರಗಳು ಕೈಗೆತ್ತಿಕೊಂಡದ್ದು ಅದೇ 1897ರ ಕಾಯಿದೆಯನ್ನು. ಮೂಲದಲ್ಲಿ ಅದರಲ್ಲಿದ್ದದ್ದು ನಾಲ್ಕೇ ಕಲಮು. ಸರ್ಕಾರಕ್ಕೆ ಬೇಕಾದ ಆಜ್ಞೆ ಹೊರಡಿಸುವ ಅಧಿಕಾರ, ಮೀರಿದವರಿಗೆ ಶಿಕ್ಷೆ, ಅಧಿಕಾರಿಗಳಿಗೆ ರಕ್ಷಣೆ. ರೋಗಿಗೆ ಏನು ಸಿಗಬೇಕು, ಮನೆಯಲ್ಲಿ ಕೂರಿಸಿದವರ ಹೊಟ್ಟೆಪಾಡು ಯಾರದು, ಆಜ್ಞೆ ಎಷ್ಟು ದಿನ ಇರಬಹುದು ಎಂಬ ಒಂದು ಮಾತೂ ಅದರಲ್ಲಿ ಇರಲಿಲ್ಲ. ಆರೋಗ್ಯ ಸಿಬ್ಬಂದಿಯ ಮೇಲೆ ಹಲ್ಲೆಗಳು ನಡೆದಾಗ 2020ರಲ್ಲಿ ಅದಕ್ಕೆ ತಿದ್ದುಪಡಿ ತಂದು ಹಲ್ಲೆಕೋರರಿಗೆ ಕಠಿಣ ಶಿಕ್ಷೆ ವಿಧಿಸಿದ್ದು ಸರಿಯಾದ ಕ್ರಮ. ಅದೇ ವರ್ಷ ಕರ್ನಾಟಕವೂ ತನ್ನದೇ ಕಾಯಿದೆ ಮಾಡಿಕೊಂಡಿತು. ಅದರಲ್ಲಿಯೂ ಅಧಿಕಾರ ಮತ್ತು ದಂಡದ ಮಾತೇ ಮುಂದು. 2024ರಲ್ಲಿ ಕಾನೂನು ಆಯೋಗ ತನ್ನ 286ನೆಯ ವರದಿಯಲ್ಲಿ ಹಳೆಯ ಕಾಯಿದೆ ಇಂದಿಗೆ ಸಾಲದು ಎಂದು ಹೇಳಿದೆ.

ರೋಗಿಯ ಮನೆಗೆ ಭಿತ್ತಿಪತ್ರ ಅಂಟಿಸಿದ್ದನ್ನು ನೀವೂ ನೋಡಿದ್ದೀರಿ. ಸಕ್ಷಮ ಅಧಿಕಾರಿಯ ನಿರ್ದಿಷ್ಟ ಆದೇಶವಿಲ್ಲದೆ ಹಾಗೆ ಮಾಡಕೂಡದೆಂದು 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಷ್ಟರಲ್ಲಿ ಆ ಕಾಗದ ಎಷ್ಟೋ ಜನರನ್ನು ಪರೀಕ್ಷೆಯಿಂದ ದೂರ ಓಡಿಸಿತ್ತು.

ಏನು ಮಾಡಬೇಕು?

ಮುಂದಿನ ಪಿಡುಗು ಬಂದೇ ಬರುತ್ತದೆ. ಯಾವಾಗ, ಯಾವುದು ಎಂಬುದಷ್ಟೇ ತಿಳಿಯದು. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಜಾಗತಿಕ ಪಿಡುಗುಗಳ ಬಗ್ಗೆ ಒಂದು ಒಪ್ಪಂದವನ್ನು ಅಂಗೀಕರಿಸಿದೆ. ಅದು ದೇಶ ದೇಶಗಳ ನಡುವಿನ ಮಾತು. ನಮ್ಮ ಮನೆಯೊಳಗೆ ಆಗಬೇಕಾದ ಕೆಲಸಗಳು ಇವು:

ಒಂದು: ರೋಗಕ್ಕಾಗಿ ಮನೆಯಲ್ಲಿ ಕೂರಬೇಕಾದ ದಿನಗೂಲಿಯವರಿಗೆ ಅಷ್ಟು ದಿನದ ಕೂಲಿ ಮತ್ತು ದಿನಸಿ ಕಾನೂನಿನ ಹಕ್ಕಾಗಬೇಕು. ‘ಅಷ್ಟು ಹಣ ಎಲ್ಲಿಂದ?’ ಎಂದು ಕೇಳುವವರಿದ್ದಾರೆ. ಆರಂಭದಲ್ಲಿ ನೂರು ಕುಟುಂಬಗಳನ್ನು ಎರಡು ವಾರ ಸಾಕುವ ಖರ್ಚಿಗೂ, ಆಮೇಲೆ ಇಡೀ ನಗರವನ್ನು ಎರಡು ತಿಂಗಳು ಮುಚ್ಚುವ ನಷ್ಟಕ್ಕೂ ಹೋಲಿಕೆಯೇ ಇಲ್ಲ.

ಎರಡು: ಹೆಚ್ಚು ರೋಗಿಗಳನ್ನು ಪತ್ತೆ ಮಾಡಿದ ಜಿಲ್ಲೆಯನ್ನು ಹೊಗಳಬೇಕು, ಗದರಿಸಬಾರದು. ಸಾವಿನ ಲೆಕ್ಕವನ್ನು ಅಡಗಿಸಬಾರದು. ಕೋವಿಡ್‌ನಿಂದ ದೇಶದಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಸರ್ಕಾರ ಹೇಳಿದರೆ, 2020 ಮತ್ತು 2021ರಲ್ಲಿಯೇ ಸುಮಾರು 47 ಲಕ್ಷ ಹೆಚ್ಚುವರಿ ಸಾವುಗಳಾದವು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಸರ್ಕಾರ ಆ ಅಂದಾಜನ್ನು ಒಪ್ಪಲಿಲ್ಲ. ಇಷ್ಟೊಂದು ಅಂತರವಿರುವಾಗ ಜನ ಯಾರನ್ನು ನಂಬಬೇಕು?

ಮೂರು: ಆಶಾ ಕಾರ್ಯಕರ್ತೆಯರಿಗೆ ಚಪ್ಪಾಳೆಯ ಜತೆ ಸಂಬಳವೂ ಬೇಕು. ಪಿಡುಗಿನ ನಡುವೆಯೇ, 2020ರ ಜುಲೈನಲ್ಲಿ, ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಬೇಕಾಯಿತು. ಊರಿನಲ್ಲಿ ಯಾರ ಮನೆಯಲ್ಲಿ ಯಾರಿಗೆ ಜ್ವರ ಎಂದು ಮೊದಲು ತಿಳಿಯುವುದು ಆಕೆಗೆ. ದೇಶದ ಕಣ್ಣು ಕಿವಿ ಆಕೆಯೇ.

ನಾಲ್ಕು: ಜನರ ಕಣ್ಣನ್ನು ಬಳಸಿಕೊಳ್ಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗಲೇ ಮಂಗನ ಕಾಯಿಲೆ ಬೆಳಕಿಗೆ ಬಂದದ್ದು. ಇಂದಿಗೂ ಮಲೆನಾಡಿನಲ್ಲಿ ಸತ್ತ ಮಂಗವನ್ನು ಕಂಡವರು ಆರೋಗ್ಯ ಇಲಾಖೆಗೆ ತಿಳಿಸುತ್ತಾರೆ. 2004ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ವ್ಯವಸ್ಥೆಗೆ ಇಂಥ ಕಣ್ಣುಗಳು ಪ್ರತಿ ಹಳ್ಳಿಯಲ್ಲಿ, ಪ್ರತಿ ವಾರ್ಡಿನಲ್ಲಿ ಬೇಕು. ಹೇಳಿದ ಮಾತಿಗೆ ಉತ್ತರ ಕೊಡುವ ಸಿಬ್ಬಂದಿಯೂ ಬೇಕು.

ಐದು: ಹೊಸ ಕಾಯಿದೆ ಬರಲಿ. ಅದರಲ್ಲಿ ಪ್ರಜೆಯ ಕರ್ತವ್ಯದ ಪಕ್ಕದಲ್ಲಿಯೇ ಸರ್ಕಾರದ ಕರ್ತವ್ಯವನ್ನೂ ಬರೆಯಲಿ.

ಹಾಗಾದರೆ ಕಟ್ಟುನಿಟ್ಟು ಬೇಡವೇ? ಬೇಕು. ಜಾತ್ರೆ ನಿಲ್ಲಿಸಬೇಕಾದೀತು, ಸಂತೆ ಮುಚ್ಚಬೇಕಾದೀತು, ಗಡಿಯಲ್ಲಿ ತಡೆಯಬೇಕಾದೀತು. ಹತ್ತು ಜನರ ಮೊಂಡುತನ ನೂರು ಜನರ ಪ್ರಾಣ ತೆಗೆಯುವಾಗ ಸರ್ಕಾರ ಕೈಕಟ್ಟಿ ಕೂರಲಾಗದು. ಆದರೆ ಕಾರಣ ಹೇಳಿ, ದಿನ ಗೊತ್ತುಮಾಡಿ, ಎಲ್ಲರಿಗೂ ಒಂದೇ ನಿಯಮ ಮಾಡಿ, ನಷ್ಟವಾದವರ ಕೈ ಹಿಡಿದರೆ ಜನ ತಾವೇ ಕಾವಲು ನಿಲ್ಲುತ್ತಾರೆ.

1994ರ ಸೆಪ್ಟೆಂಬರ್‌ನಲ್ಲಿ ಸೂರತ್ತಿನಲ್ಲಿ ಪ್ಲೇಗಿನ ಸುದ್ದಿ ಹಬ್ಬಿದಾಗ ಲಕ್ಷಾಂತರ ಜನ ರಾತ್ರೋರಾತ್ರಿ ಊರು ಬಿಟ್ಟು ಓಡಿದ್ದರು, ಕೆಲವು ಖಾಸಗಿ ವೈದ್ಯರೂ ಓಡಿದ್ದರು. ಟೆಟ್ರಾಸೈಕ್ಲಿನ್ ಗುಳಿಗೆ ಅಂಗಡಿಗಳಲ್ಲಿ ಖಾಲಿಯಾಯಿತು. ಅದೇ ನಗರವನ್ನು ಮರುವರ್ಷ ಬಂದ ಪಾಲಿಕೆ ಆಯುಕ್ತ ಎಸ್. ಆರ್. ರಾವ್ ಕಸ, ಚರಂಡಿಗಳಿಂದ ಹಿಡಿದು ಶುಚಿ ಮಾಡತೊಡಗಿದಾಗ ಜನ ಕೈಜೋಡಿಸಿದರು. ಕೆಲವೇ ವರ್ಷಗಳಲ್ಲಿ ಅದು ದೇಶದ ಶುಚಿಯಾದ ನಗರಗಳಲ್ಲಿ ಒಂದೆನಿಸಿತು. ಓಡಿದವರೂ ಕೈಜೋಡಿಸಿದವರೂ ಅದೇ ಊರಿನವರು.

ಕೊನೆಯದಾಗಿ, ಓದುಗರೇ, ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟಿ ನಾವು ತಪ್ಪಿಸಿಕೊಳ್ಳುವಂತಿಲ್ಲ. ಆ ಆಟೋ ಚಾಲಕರನ್ನು ಹೆದರಿಸಿದ್ದು ಸರ್ಕಾರ ಮಾತ್ರವಲ್ಲ, ಮನೆಯ ಮಾಲೀಕರು, ಅಕ್ಕಪಕ್ಕದವರು, ಅಂದರೆ ನಮ್ಮಂಥವರೂ ಹೆದರಿಸಿದ್ದೆವು. ಜ್ವರ, ಕೆಮ್ಮು ಇರುವಾಗ ಮದುವೆ ಮನೆಗೆ ಹೋಗಬೇಡಿ, ಮುಖಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ, ವೈದ್ಯರಿಗೆ ಇದ್ದದ್ದನ್ನು ಇದ್ದಂತೆ ಹೇಳಿ. ಪಕ್ಕದ ಮನೆಯವರಿಗೆ ಸೋಂಕು ತಗುಲಿದೆ ಎಂದು ತಿಳಿದರೆ ಬಾಗಿಲ ಹೊರಗೆ ಒಂದು ಡಬ್ಬಿ ಅನ್ನ ಸಾರು ಇಟ್ಟು, ಫೋನಿನಲ್ಲಿ ‘ಏನಾದರೂ ಬೇಕಾದರೆ ಹೇಳಿ’ ಎನ್ನಿ. ನಿಮಗೆ ಬಾಡಿಗೆಯವರಿದ್ದರೆ ‘ಕಾಯಿಲೆ ಬಂದರೆ ಮನೆ ಬಿಡಿಸುವುದಿಲ್ಲ’ ಎಂದು ಇಂದೇ, ಪಿಡುಗು ಇಲ್ಲದ ಈ ದಿನಗಳಲ್ಲೇ, ಅವರಿಗೆ ಹೇಳಿಬಿಡಿ.

ಜ್ವರ ಬಂದರೆ ನೀವು ಯಾರಿಗೆ ಹೇಳುತ್ತೀರಿ ಎಂದು ಮೊದಲು ಕೇಳಿದ್ದೆ. ನಿಮ್ಮ ಪಕ್ಕದ ಮನೆಯವರು ಜ್ವರ ಬಂದಾಗ ನಿಮಗೆ ಧೈರ್ಯವಾಗಿ ಹೇಳುತ್ತಾರೆಯೇ ಎಂಬುದನ್ನೂ ಈ ವಾರ ಸ್ವಲ್ಪ ಯೋಚಿಸಿ.